ನಿಲ್ಲದ ಯಂತ್ರ ಮತ್ತು ನಿಲ್ಲಿಸುವ ಕೈ

ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ, ಅಂದರೆ 962 ದಿನಗಳ ಕಾಲ, ಒಮ್ಮೆಯೂ ನಿಲ್ಲದೆ ವಿದ್ಯುತ್ ಉತ್ಪಾದಿಸಿತು. ಬ್ರಿಟನ್ನಿನ ಹೀಶಮ್ ಸ್ಥಾವರದ 940 ದಿನಗಳ ದಾಖಲೆಯನ್ನು ಅದು ಮುರಿದಾಗ ಉತ್ತರ ಕನ್ನಡದ ನಾವೆಲ್ಲ ಹಿಗ್ಗಿದೆವು. ಆ ಹಿಗ್ಗಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಾವು ಹೊಗಳಿದ್ದು ಏನನ್ನು ಎಂಬ ಪ್ರಶ್ನೆ ಮಾತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮೊದಲು ಆ ಯಂತ್ರದ ಸ್ವಭಾವವನ್ನು ನೋಡಬೇಕು. ಕೈಗಾದ 220 ಮೆಗಾವಾಟ್ ರಿಯಾಕ್ಟರು ನೈಸರ್ಗಿಕ ಯುರೇನಿಯಂ ಮತ್ತು ಭಾರಜಲದಿಂದ (ಭಾರವಾದ ಹೈಡ್ರೋಜನ್ ಇರುವ ನೀರಿನಿಂದ) ನಡೆಯುವಂಥದ್ದು. ಅದರ ಒಡಲಲ್ಲಿ ಅಡ್ಡಡ್ಡವಾಗಿ 306 ಇಂಧನ ಕೊಳವೆಗಳಿವೆ. ಒಂದು ಕೊಳವೆಯ ಇಂಧನ ಬದಲಿಸಬೇಕಾದಾಗ ಅದರ ಎರಡೂ ತುದಿಗಳಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಯಂತ್ರ ಹೊಸ ಇಂಧನದ ಕಟ್ಟುಗಳನ್ನು ಒಳಗೆ ತಳ್ಳಿದರೆ ಇನ್ನೊಂದು ಬಳಸಿ ಮುಗಿದವುಗಳನ್ನು ಈಚೆಗೆ ತೆಗೆದುಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ರಿಯಾಕ್ಟರು ಪೂರ್ಣ ಶಕ್ತಿಯಲ್ಲಿ ಓಡುತ್ತಿರುವಾಗ, ಅಧಿಕ ಒತ್ತಡದ ಬಿಸಿ ಭಾರಜಲ ಅದೇ ಕೊಳವೆಯೊಳಗೆ ಹರಿಯುತ್ತಿರುವಾಗ. ತಮಿಳುನಾಡಿನ ಕೂಡಂಕುಳಂನ ರಿಯಾಕ್ಟರಿಗೆ ಈ ಸೌಲಭ್ಯವಿಲ್ಲ. ಇಂಧನ ಬದಲಿಸಲು ಅದನ್ನು ನಿಲ್ಲಿಸಲೇಬೇಕು. ಆದ್ದರಿಂದ ಬರೀ ದಿನಗಳನ್ನು ಎಣಿಸಿ ಒಂದು ಸ್ಥಾವರದವರು ಜಾಣರು, ಇನ್ನೊಂದರವರು ಅಲ್ಲ ಎನ್ನುವುದು ಎತ್ತನ್ನೂ ಕುದುರೆಯನ್ನೂ ಒಂದೇ ಪಂದ್ಯದಲ್ಲಿ ಓಡಿಸಿದಂತೆ.

ಯಂತ್ರದ ಸ್ವಭಾವ ಅನುಕೂಲವಾಗಿದ್ದರೂ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಒಂದು ಪಂಪು, ಒಂದು ಕವಾಟ, ಟರ್ಬೈನಿನ ಒಂದು ಬೇರಿಂಗು ಕೂಡ ಇಡೀ ಘಟಕವನ್ನು ನಿಲ್ಲಿಸುವ ಮಟ್ಟಿಗೆ ಕೆಡದಂತೆ ನೋಡಿಕೊಳ್ಳುವುದು ಸಣ್ಣ ಕೆಲಸವಲ್ಲ. ಅದು ಹಗಲು ರಾತ್ರಿ ಪಾಳಿಯಲ್ಲಿ ಕುಳಿತವರ ಕೆಲಸ. ಅಂಕಿಗಳನ್ನು ಬರೆದುಕೊಂಡು, ನಿನ್ನೆಯ ಅಂಕಿಯೊಂದಿಗೆ ಹೋಲಿಸಿ, ಕಂಪನ ಕೊಂಚ ಹೆಚ್ಚಾದರೂ ಏಕೆಂದು ಕೇಳುವವರ ಕೆಲಸ.

ನನ್ನ ಅಳುಕು ಇರುವುದೂ ಇಲ್ಲೇ. ದಿನಗಳ ಲೆಕ್ಕವೇ ಮೆಚ್ಚುಗೆಯ ಏಕೈಕ ಅಳತೆಗೋಲಾದರೆ, 939ನೆಯ ದಿನದ ರಾತ್ರಿ ಪಾಳಿಯಲ್ಲಿ ಅನುಮಾನಾಸ್ಪದ ಅಂಕಿಯೊಂದನ್ನು ಕಂಡ ಎಂಜಿನಿಯರಿನ ಕೈ ಒಂದು ಕ್ಷಣವಾದರೂ ತಡವರಿಸುವುದಿಲ್ಲವೇ? ಕೈಗಾದಲ್ಲಿ ಹಾಗಾಯಿತೆಂದು ನಾನು ಹೇಳುತ್ತಿಲ್ಲ. ಅಲ್ಲಿ ದಾಖಲೆ ಮುರಿದ ಮೂರೇ ವಾರಗಳಲ್ಲಿ, ಇನ್ನೂ ಓಡಿಸಿ ನೋಡೋಣ ಎನ್ನದೆ, ನಿರ್ವಹಣೆಗಾಗಿ ಘಟಕವನ್ನು ನಿಲ್ಲಿಸಿದರು. ನನ್ನ ಮಟ್ಟಿಗೆ ಆ ಡಿಸೆಂಬರ್ 31ರ ನಿಲುಗಡೆಯು ಹಿಂದಿನ 962 ದಿನಗಳ ಓಟದಷ್ಟೇ ಗೌರವಕ್ಕೆ ಅರ್ಹವಾದುದು.

ಇದೇ ಘಟಕದ ಹಳೆಯ ಕಥೆಯೊಂದಿದೆ. 1994ರ ಮೇ 13ರಂದು, ಕಟ್ಟಡ ಇನ್ನೂ ಏಳುತ್ತಿದ್ದಾಗ, ಇದರ ರಿಯಾಕ್ಟರನ್ನು ಆವರಿಸುವ ಒಳ ಗುಮ್ಮಟದ ಕಾಂಕ್ರೀಟು ಪದರ ಕಳಚಿ ಕೆಳಗೆ ಬಿತ್ತು. ವಿನ್ಯಾಸ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಬೇಕಾಯಿತು. ಎರಡನೇ ಘಟಕವೇ 2000ದ ಮಾರ್ಚ್‌ನಲ್ಲಿ ಮೊದಲು ವಾಣಿಜ್ಯ ಉತ್ಪಾದನೆಗೆ ಇಳಿದು, ಒಂದನೆಯದು ಅದೇ ವರ್ಷದ ನವೆಂಬರ್‌ನಲ್ಲಿ ಹಿಂಬಾಲಿಸಿತು. ದಾಖಲೆಯ ಓಟ ಶುರುವಾದದ್ದೂ ಮೇ 13ರಂದೇ ಎಂಬುದು ಬರೀ ಕಾಕತಾಳೀಯ, ಆದರೂ ನಾನು ಅದನ್ನು ಮರೆಯಲಾರೆ.

2009ರ ನವೆಂಬರ್‌ನ ಪ್ರಕರಣವನ್ನೂ ಮರೆಯಬಾರದು. ಕುಡಿಯುವ ನೀರಿನ ಕೂಲರಿಗೆ ಯಾರೋ ವಿಕಿರಣ ಸೂಸುವ ಟ್ರಿಟಿಯಂ ಇದ್ದ ಭಾರಜಲವನ್ನು ಬೆರೆಸಿದ್ದರಿಂದ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಅದು ಸೇರಿತ್ತು. ಸ್ಥಾವರಕ್ಕೆ ಅದು ಕಪ್ಪುಚುಕ್ಕೆ, ನಿಜ. ಆದರೆ ಅದು ಬಯಲಾದದ್ದು ನೌಕರರ ಮೂತ್ರದ ಮಾದರಿಗಳನ್ನು ವಾಡಿಕೆಯಂತೆ ಪರೀಕ್ಷಿಸುವಾಗ. ಯಾರಿಗೂ ಬೇಡವಾದ, ಬೇಸರದ ಆ ಪರೀಕ್ಷೆಯನ್ನು ಅಸಡ್ಡೆ ಮಾಡದೆ ನಡೆಸಿದವರ ಕೆಲಸಕ್ಕೆ ನಮ್ಮ ಹೊಗಳಿಕೆಯಲ್ಲಿ ಜಾಗ ಎಲ್ಲಿದೆ?

ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತ ಜಿಲ್ಲೆ ನಮ್ಮದು. ಇಲ್ಲಿಯ ಜನರ ಅನುಮಾನ ಕರಗುವುದು ಸನ್ಮಾನ ಸಮಾರಂಭದ ಫೋಟೋಗಳಿಂದಲ್ಲ. ದಾಖಲೆಯಾದರೂ ಹೆಚ್ಚು ಕಾಲ ನಮ್ಮ ಬಳಿ ಉಳಿಯಲಿಲ್ಲ: ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಒಂದನೇ ಘಟಕ 2020ರಲ್ಲಿ ನಮ್ಮನ್ನು ದಾಟಿ, 2021ರ ಫೆಬ್ರವರಿಯಲ್ಲಿ 1,106 ದಿನ ಪೂರೈಸಿ ನಿಂತಿತು. ಅದೂ ಭಾರಜಲದ್ದೇ.

ಮುಂದಿನ ಸಲ ಕೈಗಾದವರನ್ನು ಸನ್ಮಾನಿಸುವಾಗ ಹಾರದ ಜೊತೆಗೆ ಒಂದು ವರದಿಯೂ ಇರಲಿ ಎಂಬುದು ನನ್ನ ಬೇಡಿಕೆ: ಅಷ್ಟು ದಿನ ಓಡಿದ ಯಂತ್ರವನ್ನು ಬಿಚ್ಚಿದಾಗ ಯಾವ ಭಾಗ ಎಷ್ಟು ಸವೆದಿತ್ತು, ಓಟದ ನಡುವೆ ಯಾವ ಲೋಪವನ್ನು ಯಾವ ಪಾಳಿಯವರು ಮೊದಲು ಗುರುತಿಸಿದರು ಎಂಬುದನ್ನು ಸ್ಥಾವರದ ಸುತ್ತಲಿನ ಕದ್ರಾ, ಮಲ್ಲಾಪುರದ ಜನ ಓದಿಕೊಳ್ಳುವಂತೆ, ಕನ್ನಡದಲ್ಲಿ.