ಆರ್‌ಎಂ ಕಮಾಂಡ್‌ಗೆ 'ಮೈನಸ್ ಐ' ಅಲಿಯಾಸ್ ಇರಬೇಕಾ?

ಪರ: ಕೇಳಿಯೇ ಅಳಿಸಲಿ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಈ ಕಡೆಗೂ ಬಲವಿದೆ. ಆರ್‌ಎಂ ಅಂದರೆ ಲಿನಕ್ಸ್, ಯುನಿಕ್ಸ್‌ಗಳಲ್ಲಿ ಫೈಲ್ ಅಳಿಸುವ ಕಮಾಂಡ್; 'ಮೈನಸ್ ಐ' ಸೇರಿಸಿದರೆ ಒಂದೊಂದು ಫೈಲಿಗೂ ಕೇಳಿಯೇ ಅಳಿಸುತ್ತದೆ. ಬರೀ ಆರ್‌ಎಂ ಒತ್ತಿದರೂ ಹಾಗೇ ಆಗಲಿ ಅಂತ ಮೊದಲೇ ಬರೆದಿಡುವ ಸಾಲೇ ಅಲಿಯಾಸ್. ಆರ್‌ಎಂ ಅಳಿಸಿದ ಫೈಲ್ ಕಸದ ಬುಟ್ಟಿಗೆ ಹೋಗುವುದಿಲ್ಲ. ಹೋದರೆ ಹೋಯಿತು, ಬ್ಯಾಕಪ್ ಇದ್ದರೆ ಬಚಾವ್.

ರಾತ್ರಿ ಮೂರು ಗಂಟೆಗೆ ಡಿಸ್ಕ್ ತುಂಬಿದೆ ಅಂತ ಫೋನ್ ಬರುತ್ತದೆ. ಹಳೇ ಲಾಗ್ (ಸಿಸ್ಟಂ ಬರೆದಿಡುವ ದಾಖಲೆ) ಅಳಿಸಬೇಕು. 'ಸ್ಟಾರ್ ಡಾಟ್ ಲಾಗ್', ಅಂದರೆ ಡಾಟ್ ಲಾಗ್ ಅಂತ ಮುಗಿಯುವ ಫೈಲೆಲ್ಲ, ಅಂತ ಒತ್ತಲು ಹೋಗಿ ಸ್ಟಾರ್ ಆದಮೇಲೆ ಒಂದು ಸ್ಪೇಸ್ ಬಿತ್ತು ಅನ್ನಿ. ಕಮಾಂಡ್ ಓದಿ ನಡೆಸುವ ಶೆಲ್‌ಗೆ ಈಗ ಅದು ಎರಡು ಹೆಸರು: ಇಲ್ಲಿರುವುದೆಲ್ಲ, ಜೊತೆಗೆ ಡಾಟ್ ಲಾಗ್ ಅನ್ನೋ ಫೈಲ್. ಅಲಿಯಾಸ್ ಇದ್ದರೆ ಬೇರೆ ಯಾವುದೋ ಫೈಲಿನ ಹೆಸರು ಹೇಳಿ 'ಅಳಿಸಲೇ?' ಅಂತ ಕೇಳುತ್ತದೆ. ತಕ್ಷಣ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಬಹುದು. ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರನಿಗೆ ಆರ್‌ಎಂ, ಸಿಪಿ (ನಕಲು), ಎಂವಿ (ಜಾಗ ಬದಲಿಸುವುದು) ಮೂರಕ್ಕೂ ಇದನ್ನು ವರ್ಷಗಟ್ಟಲೆ ಹಾಕಿಯೇ ಕೊಟ್ಟಿದ್ದಾರೆ. ಸುಮ್ನೆ ಹಾಕಿರಲಿಕ್ಕಿಲ್ಲ, ಅಲ್ವಾ? ಬೇಡ ಅನ್ನುವವರಿಗೆ ತಮ್ಮ ಬೆರಳಿನ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿ.

ವಿರೋಧ: ಸುಳ್ಳು ಧೈರ್ಯ ಬೇಡ

ಈ ಅಲಿಯಾಸ್ ಎಲ್ಲಿ ಕೆಲಸ ಮಾಡುವುದಿಲ್ಲ ಅಂತ ಮೊದಲು ನೋಡಿ. ಕಮಾಂಡುಗಳನ್ನು ಬರೆದಿಟ್ಟ ಸ್ಕ್ರಿಪ್ಟ್‌ನಲ್ಲಿ ಇಲ್ಲ. ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸುವ ಕ್ರಾನ್‌ನಲ್ಲಿ ಇಲ್ಲ. ರೂಟ್ ಅಧಿಕಾರಕ್ಕೆ ಮುಂದೆ ಸುಡೋ ಹಾಕಿ ಆರ್‌ಎಂ ಒತ್ತಿದರೂ ಇಲ್ಲ. ಮೈನಸ್ ಎಫ್ (ಕೇಳದೆ ಅಳಿಸು) ಸೇರಿಸಿದರೆ ಇದ್ದ ಕಡೆಯೂ ಇಲ್ಲ. ದೊಡ್ಡ ಡೈರೆಕ್ಟರಿ ಅಳಿಸುವಾಗ ಒಂದೊಂದು ಫೈಲಿಗೂ ವೈ ಒತ್ತಿ ಸಾಕಾಗಿ ಎಲ್ಲರೂ ಕೊನೆಗೆ ಮೈನಸ್ ಎಫ್ ಹಾಕುತ್ತಾರೆ, ಆಮೇಲೆ ಅದೇ ಕೈಗೆ ಕೂತುಬಿಡುತ್ತದೆ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಆರ್‌ಎಂ ಸ್ಟಾರ್ ಒತ್ತಿ, ಬೇಕಾದ ಫೈಲಿಗೆ ಎನ್, ಬೇಡದ್ದಕ್ಕೆ ವೈ ಅನ್ನುತ್ತಿದ್ದರು. ಅಳಿಸುವ ಕಮಾಂಡನ್ನೇ ಆರಿಸುವ ಕೆಲಸಕ್ಕೆ ಹಚ್ಚಿದ್ದರು. ಒಂದು ದಿನ ಹೊಸ ಸರ್ವರ್‌ಗೆ ಹೋದರು. ಅಲ್ಲಿ ಅಲಿಯಾಸ್ ಇರಲಿಲ್ಲ. ಎಂಟರ್ ಒತ್ತಿ ಪ್ರಶ್ನೆ ಬರಲಿ ಅಂತ ಕಾದರು, ಬಂದದ್ದು ಖಾಲಿ ಪ್ರಾಂಪ್ಟ್. ಸೆಟ್ಟಿಂಗ್ ಇಟ್ಟಿದ್ದ ಕಾನ್ಫಿಗ್ ಫೈಲ್ ಎಲ್ಲ ಹೋಗಿದ್ದವು. ಸಂಜೆವರೆಗೆ ನಾವಿಬ್ಬರೂ ಹಳೇ ಬ್ಯಾಕಪ್ ಕೆದಕಿದೆವು. ಆ ಮನುಷ್ಯ ಅಜಾಗರೂಕರಲ್ಲ. ಕಾವಲು ಇದ್ದೇ ಇರುತ್ತದೆ ಅಂತ ಅವರ ಕೈಗೆ ಕಲಿಸಿದ್ದೇ ಈ ಅಲಿಯಾಸ್.

ರಾತ್ರಿ ಮೂರು ಗಂಟೆಯ ಕಥೆ ಎಲ್ಲರೂ ಹೇಳುತ್ತಾರೆ. ನಿದ್ದೆಗಣ್ಣಿನವರನ್ನು ಒಂಟಿಯಾಗಿ ರೂಟ್ ಮಾಡಿ ಕೂರಿಸಿದವರನ್ನು ಮೊದಲು ಕೇಳಬೇಕು.

ಕಾವಲು ಬೇಕಿದ್ದರೆ ಪ್ರೋಗ್ರಾಂ ಒಳಗೇ ಇರಲಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಜಿಎನ್‌ಯು ಆರ್‌ಎಂ 2006ರಿಂದ ಬರೀ ಸ್ಲ್ಯಾಶ್ (ಎಲ್ಲ ಫೈಲುಗಳ ಬುಡ) ಕೊಟ್ಟು ಎಲ್ಲ ಅಳಿಸು ಅಂದರೆ ಒಪ್ಪುವುದಿಲ್ಲ. ಅಲಿಯಾಸ್ ಬರೆದಿಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಯಾರು ಏನು ಬರೆದಿದ್ದಾರೆ ಅನ್ನುವುದು ಅದಕ್ಕೆ ಬೇಕಿಲ್ಲ. ಉಳಿದದ್ದಕ್ಕೆ ಮೊದಲು ಅದೇ ಹೆಸರುಗಳಿಗೆ ಎಲ್‌ಎಸ್ (ಫೈಲ್ ಪಟ್ಟಿ ತೋರಿಸುವ ಕಮಾಂಡ್) ಹಾಕಿ ಪಟ್ಟಿ ಓದಿ. ಸರಿ ಅನಿಸಿದರೆ ಮೇಲಿನ ಬಾಣ ಒತ್ತಿ, ಕಂಟ್ರೋಲ್ ಎ ಒತ್ತಿ ಸಾಲಿನ ಶುರುವಿಗೆ ಬಂದು, ಎಲ್‌ಎಸ್ ತೆಗೆದು ಆರ್‌ಎಂ ಬರೆಯಿರಿ. ನೋಡಿ ಅಳಿಸುವ ಈ ಅಭ್ಯಾಸ ಯಾವ ಯುನಿಕ್ಸ್ ಮಶೀನಿಗೆ ಹೋದರೂ ನಿಮ್ಮ ಜೊತೆ ಬರುತ್ತದೆ. ನಾನಂತೂ ಹೊಸ ಸರ್ವರ್ ಕೈಗೆ ಬಂದರೆ ಆ ಮೂರು ಅಲಿಯಾಸ್ ಸಾಲು ಮೊದಲು ತೆಗೆಯುತ್ತೇನೆ.