ನೆಂಟರಿಗೆ ಊರು ತೋರಿಸುವುದನ್ನು ನಾನೇಕೆ ಬಿಟ್ಟೆ

ನೈಋತ್ಯ ಫ್ರಾನ್ಸಿನ ದೊರ್ದೋನ್ ಜಿಲ್ಲೆಯ ಸಣ್ಣ ಹಳ್ಳಿಯೊಂದರಲ್ಲಿ ನಾವು ಮನೆ ಮಾಡಿ ಹನ್ನೊಂದು ವರ್ಷವಾಯಿತು. ಈ ಅವಧಿಯಲ್ಲಿ ಶಿರಸಿಯಿಂದ, ಬೆಂಗಳೂರಿನಿಂದ, ಲಂಡನ್ನಿನಿಂದ ನಮ್ಮವರು ಅನೇಕರು ಬಂದು ಉಳಿದು ಹೋಗಿದ್ದಾರೆ. ಹೋದ ತಿಂಗಳು ಹಳೆಯ ಗೆಳತಿಯೊಬ್ಬಳು ಫೋನು ಮಾಡಿ, ನಮ್ಮಲ್ಲಿ ನಾಲ್ಕು ದಿನ ಇದ್ದು ಅಲ್ಲಿಂದಲೇ ಪ್ಯಾರಿಸ್ಸನ್ನೂ ಸ್ವಿಟ್ಜರ್ಲೆಂಡನ್ನೂ ನೋಡಿಕೊಂಡು ಹೋಗಬಹುದೇ ಎಂದು ಕೇಳಿದಳು. ಆಗುವುದಿಲ್ಲ ಎಂದುಬಿಟ್ಟೆ. ಎರಡೂ ನಮ್ಮಿಂದ ಸುಮಾರು ಐನೂರು ಕಿಲೋಮೀಟರು ದೂರ ಎಂಬುದು ಒಂದು ಕಾರಣ. ಆದರೆ ನಿಜವಾದ ಕಾರಣ ಬೇರೆ ಇದೆ, ಅದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಅವಳಿಗೂ, ಇನ್ನು ಮುಂದೆ ಬರಬೇಕೆಂದಿರುವ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

2017ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಮೊದಲ ಬಾರಿಗೆ ಬಂದರು. ಜೀವನದಲ್ಲಿ ಒಂದೇ ಸಲ ವಿದೇಶಕ್ಕೆ ಬರುವವರು, ಏನನ್ನೂ ಬಿಡದೆ ತೋರಿಸಬೇಕು ಎಂಬ ಹಟ ನನ್ನದು. ಮೂರು ವಾರಗಳಲ್ಲಿ ಕಾರು ಮೂರು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಓಡಿತು. ದಿನಕ್ಕೊಂದು ಕೋಟೆ, ದಿನಕ್ಕೊಂದು ಪೇಟೆ. ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟುವುದು, ರಾತ್ರಿ ಹತ್ತಕ್ಕೆ ಮನೆ ಸೇರುವುದು. ಆ ದಿನಗಳಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಯವರೆಗೆ ಹೊತ್ತು ಮುಳುಗುವುದಿಲ್ಲವಾದ್ದರಿಂದ ದಿನ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಎರಡನೆಯ ವಾರದ ಕೊನೆಗೆ ಅಮ್ಮ ಮಾತು ಕಡಿಮೆ ಮಾಡಿದ್ದನ್ನು ಗಮನಿಸಿದೆ. ಕಾರಿನಿಂದ ಇಳಿಯಲು ಹೇಳಿದರೆ ಇಳಿಯುತ್ತಿದ್ದಳು, ಫೋಟೋಕ್ಕೆ ನಿಲ್ಲಲು ಹೇಳಿದರೆ ನಿಲ್ಲುತ್ತಿದ್ದಳು. ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, "ನಿನ್ನ ಮನೆಯಲ್ಲಿ ಉಪ್ಪು ಎಲ್ಲಿಡುತ್ತೀಯ ಎಂದು ನನಗೆ ಇನ್ನೂ ಗೊತ್ತಾಗಲಿಲ್ಲ ನೋಡು" ಎಂದಳು. ಅದರಲ್ಲಿ ದೂರು ಇರಲಿಲ್ಲ, ಬರಿಯ ಬೇಸರವಿತ್ತು. ಇಷ್ಟು ವರ್ಷಗಳಾದರೂ ಆ ಮಾತನ್ನು ನಾನು ಮರೆತಿಲ್ಲ.

ಮಲೆನಾಡಿನ ನಮ್ಮ ಮನೆಯೂ ಅಡಿಕೆ ತೋಟದ ನಡುವಿನ ಒಂಟಿ ಮನೆಯೇ ಆಗಿತ್ತು. ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಅದರ ಹಿಂದೆಯೇ "ಆಸರಿಗೆ ಏನು ಮಾಡಲಿ?" ಎಂದು ಕುಡಿಯಲು ಏನು ಬೇಕೆಂಬ ಪ್ರಶ್ನೆ. ಉಪಚಾರ ಅಷ್ಟಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನವಾಗುವಷ್ಟರಲ್ಲಿ ಬಂದ ಅತ್ತೆ ಈಳಿಗೆಮಣೆಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು, ಮಾವ ತೋಟಕ್ಕೆ ಇಳಿದು ಕೊಳೆರೋಗದ ಬಗ್ಗೆ ಅಪ್ಪನೊಡನೆ ವಾದ ಮಾಡುತ್ತಿದ್ದ. ಯಾರೂ ಅವರಿಗೆ ಕೆಲಸ ಹೇಳುತ್ತಿರಲಿಲ್ಲ. ಅವರ ಕೈಗೆ ಆ ಮನೆ ಗೊತ್ತಿತ್ತು. ಫ್ರಾನ್ಸಿನ ಹಳ್ಳಿಮನೆಗೆ ಬಂದ ನಮ್ಮವರ ಕೈಗೆ ಈ ಮನೆ ಗೊತ್ತಿಲ್ಲ. ಅವರನ್ನು ಕುಳ್ಳಿರಿಸಿ ಬಡಿಸುವುದೇ ಮರ್ಯಾದೆ ಎಂದು ನಾವು ತಿಳಿಯುತ್ತೇವೆ, ಅವರು ಮುಜುಗರದಿಂದ ಕೂರುತ್ತಾರೆ, ಮೂರನೆಯ ದಿನಕ್ಕೆ ಇಬ್ಬರಿಗೂ ಸಾಕಾಗುತ್ತದೆ. ಲಕ್ಷದ ಲೆಕ್ಕದಲ್ಲಿ ಖರ್ಚು ಮಾಡಿಕೊಂಡು ಬಂದವರಿಗೆ ಕೆಲಸ ಹಚ್ಚುವುದೇ ಎಂದು ನನ್ನ ತಮ್ಮ ಒಮ್ಮೆ ಆಕ್ಷೇಪಿಸಿದ್ದ. ಅವನ ಮಾತನ್ನು ನಾನು ಒಪ್ಪುವುದಿಲ್ಲ. ಕೈಗೆ ಕೆಲಸವಿಲ್ಲದ ನೆಂಟರು ಮನೆಯವರಾಗಲಾರರು, ಮನೆಯವರಂತೆ ಇರಲೆಂದೇ ತಾನೇ ಅವರನ್ನು ಅಷ್ಟು ದೂರದಿಂದ ಕರೆಸಿಕೊಳ್ಳುವುದು?

ಇದು ನನಗೆ ಅರ್ಥವಾದದ್ದು 2019ರ ಅಕ್ಟೋಬರಿನಲ್ಲಿ. ಅಪ್ಪ ಆ ವೇಳೆಗೆ ಇರಲಿಲ್ಲ. ಅಮ್ಮ ಒಬ್ಬಳೇ ಬಂದಿದ್ದಳು. ನಮ್ಮದು ಅಕ್ರೋಟಿನ ಸೀಮೆ. ಫ್ರಾಂಕೆಟ್, ಮಾರ್ಬೋ, ಕೋರ್ನ್, ಗ್ರಾಂಜಾನ್ ಎಂಬ ನಾಲ್ಕು ತಳಿಗಳ ಇಲ್ಲಿಯ ಅಕ್ರೋಟಿಗೆ 2002ರಲ್ಲಿ ಮೂಲಸ್ಥಾನದ ಅಧಿಕೃತ ಮನ್ನಣೆ ದೊರೆತಿದೆ. ಸೆಪ್ಟೆಂಬರ್ ಕೊನೆಯಿಂದ ಕಾಯಿ ಉದುರತೊಡಗಿದರೆ ಒಂದು ತಿಂಗಳು ಹಳ್ಳಿಯವರೆಲ್ಲ ಬೆನ್ನು ಬಾಗಿಸಿಯೇ ಇರುತ್ತಾರೆ. ಪಕ್ಕದ ಮನೆಯ ಎಪ್ಪತ್ತು ದಾಟಿದ ಅಜ್ಜಿ ಒಂದು ಸಂಜೆ ನಮ್ಮನ್ನು ಕರೆದರು. ಅವರ ಅಡುಗೆಮನೆಯಲ್ಲಿ ಸೌದೆಯ ಒಲೆ ಉರಿಯುತ್ತಿತ್ತು. ಅಜ್ಜಿ ತೊಡೆಯ ಮೇಲೊಂದು ಹಲಗೆ, ಅದರ ಮೇಲೊಂದು ಚಪ್ಪಟೆ ಕಲ್ಲು ಇಟ್ಟುಕೊಂಡು, ಅಕ್ರೋಟನ್ನು ಎರಡು ಬೆರಳುಗಳಲ್ಲಿ ನೆಟ್ಟಗೆ ಹಿಡಿದು, ಮರದ ಪುಟ್ಟ ಸುತ್ತಿಗೆಯಿಂದ ಅದರ ತುದಿಗೆ ಒಂದೇ ಏಟು ಕೊಡುತ್ತಿದ್ದರು. ಚಿಪ್ಪು ಬಿರಿದು ತಿರುಳು ಎರಡು ಇಡೀ ಹೋಳಾಗಿ ಹೊರಬರುತ್ತಿತ್ತು. ಇಡೀ ಹೋಳು ಒಂದು ಬುಟ್ಟಿಗೆ, ಮುರಿದದ್ದು ಎಣ್ಣೆಗೆಂದು ಇನ್ನೊಂದು ಬುಟ್ಟಿಗೆ. ಅಮ್ಮ ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಏನೂ ಹೇಳದೆ ಕೈ ಚಾಚಿದಳು. ಮೊದಲ ಕಾಯಿ ಪುಡಿಯಾಯಿತು, ಎರಡನೆಯದು ಮೂರು ಚೂರಾಯಿತು, ಮೂರನೆಯದು ಇಡಿಯಾಗಿ ಬಂತು. "ಅಡಿಕೆಗಿಂತ ಸುಲಭ" ಎಂದಳು.

ಅವಳು ಹೇಳಿದ್ದೇನೆಂದು ಅಜ್ಜಿ ಕೇಳಿದರು. ಮೆಟ್ಟುಗತ್ತಿ ಎಂದರೇನು, ಕಾಲಿನಲ್ಲಿ ಅದನ್ನು ಹೇಗೆ ಒತ್ತಿ ಹಿಡಿಯುತ್ತಾರೆ, ನೆಟ್ಟಗೆ ನಿಂತ ಅಲಗಿಗೆ ಅಡಿಕೆಯನ್ನು ಹೇಗೆ ಕೊಟ್ಟು ಸಿಪ್ಪೆ ಎಬ್ಬಿಸುತ್ತಾರೆ, ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಅಂಗಳದಲ್ಲಿ ಸಾಲಾಗಿ ಕೂತು ಹೇಗೆ ಸುಲಿಯುತ್ತಾರೆ ಎಂಬುದನ್ನೆಲ್ಲ ನಾನು ನನ್ನ ಅಪೂರ್ಣ ಫ್ರೆಂಚಿನಲ್ಲಿ ಹೇಳಿದೆ. ಅಜ್ಜಿ ಸುತ್ತಿಗೆ ಕೆಳಗಿಟ್ಟರು. ತಾನು ಹುಡುಗಿಯಾಗಿದ್ದಾಗ ಚಳಿಗಾಲದ ಸಂಜೆಗಳಲ್ಲಿ ನೆರೆಹೊರೆಯವರೆಲ್ಲ ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ ಎಂದು ಸರದಿಯಲ್ಲಿ ಸೇರಿ ಅಕ್ರೋಟು ಒಡೆಯುತ್ತಿದ್ದರೆಂದು ಹೇಳಿದರು. ನಮ್ಮ ಮುಯ್ಯಾಳು ಪದ್ಧತಿಯೇ ಅದು. ಅನುವಾದಿಸಿ ಹೇಳಿದಾಗ ಅಮ್ಮ ತಲೆಯಾಡಿಸಿ ಇನ್ನೊಂದು ಕಾಯಿ ಎತ್ತಿಕೊಂಡಳು. ಆ ಇಬ್ಬರಿಗೂ ಒಂದೇ ಒಂದು ಸಮಾನ ಪದ ಗೊತ್ತಿರಲಿಲ್ಲ. ಮುಂದಿನ ಐದು ವಾರ ದಿನ ಬಿಟ್ಟು ದಿನ ಅಮ್ಮ ತಾನೇ ಶಾಲು ಹೊದ್ದು ಆ ಮನೆಗೆ ಹೋಗಿ ಬಂದಳು. ಅಜ್ಜಿ ತೂತಿನ ಬಾಣಲೆಯಲ್ಲಿ ಚೆಸ್ಟ್‌ನಟ್ ಸುಟ್ಟು ಕೊಟ್ಟರು. ಅಮ್ಮ ಒಣಮೆಣಸು, ಹುಣಿಸೆ ಹಾಕಿ ಅಕ್ರೋಟಿನ ಚಟ್ನಿ ಮಾಡಿ ಒಯ್ದಳು. ಆ ಸಲ ನಾವು ಒಂದು ಕೋಟೆಯನ್ನೂ ನೋಡಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ನಾನೇ ಅವಳನ್ನು ಕೇಳುವಂತಾಗಿತ್ತು.

ಅಂದಿನಿಂದ ಬಂದವರಿಗೆ ಮೊದಲ ದಿನ ಮನೆಯನ್ನೇ ತೋರಿಸುತ್ತೇನೆ, ಒಂದು ಗಂಟೆ ಹಿಡಿದು ತೋರಿಸುತ್ತೇನೆ. ಈ ಮನೆಗೆ ಇನ್ನೂರು ವರ್ಷವಾಗಿದೆ. ಗೋಡೆ ಅರವತ್ತು ಸೆಂಟಿಮೀಟರ್ ದಪ್ಪದ ಕಲ್ಲಿನದು. ಬೇಸಿಗೆಯ ಮಧ್ಯಾಹ್ನ ಸೆಕೆಯೆಂದು ಕಿಟಕಿ ತೆರೆದರೆ ಮನೆ ಕಾದುಬಿಡುತ್ತದೆ. ಕಿಟಕಿಯ ಹೊರಗಿನ ಮರದ ಬಾಗಿಲುಗಳನ್ನು ಬೆಳಿಗ್ಗೆಯೇ ಮುಚ್ಚಿ ರಾತ್ರಿ ತೆರೆಯಬೇಕು. ಬಿಸಿನೀರಿನ ಟ್ಯಾಂಕು 200 ಲೀಟರಿನದು, ಕರೆಂಟಿನ ದರ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಮಾತ್ರ ಕಾಯುತ್ತದೆ. ಆರು ಜನರಿದ್ದರೆ ಸ್ನಾನಕ್ಕೆ ಸರದಿ ಬೇಕು. ಮನೆಗೆ ಪಡೆದಿರುವ ವಿದ್ಯುತ್ ಸಾಮರ್ಥ್ಯ 6 ಕೆವಿಎ ಆದ್ದರಿಂದ ಓವನ್, ಇಂಡಕ್ಷನ್ ಒಲೆ, ಹೀಟರ್ ಮೂರನ್ನೂ ಒಟ್ಟಿಗೆ ಹಚ್ಚಿದರೆ ಇಡೀ ಮನೆ ಕತ್ತಲಾಗುತ್ತದೆ. ಬಚ್ಚಲಿನ ನೆಲದಲ್ಲಿ ನೀರು ಹೋಗಲು ಕಿಂಡಿಯಿಲ್ಲ, ಕೆಳಗಿರುವುದು ಮರದ ತೊಲೆ. ನಮ್ಮ ರೂಢಿಯಂತೆ ತಂಬಿಗೆಯಲ್ಲಿ ಮೊಗೆದು ಸುರಿದುಕೊಂಡರೆ ನೀರು ಕೆಳಗಿನ ಕೋಣೆಗೆ ತೊಟ್ಟಿಕ್ಕುತ್ತದೆ. ಇವನ್ನೆಲ್ಲ ಹೇಳಲು ನನಗೆ ಮೊದಲು ನಾಚಿಕೆಯಾಗುತ್ತಿತ್ತು. ಬಂದವರಿಗೆ ನಿಯಮ ಓದಿ ಹೇಳುವುದೇ ಎಂದು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದ ವರ್ಷ ನೆಂಟರೊಬ್ಬರ ಮಗುವಿನ ಒದ್ದೆ ಒರಸುಹಾಳೆಗಳು ಕಕ್ಕಸಿನ ಮೂಲಕ ಸೆಪ್ಟಿಕ್ ಟ್ಯಾಂಕಿನ ಕೊಳವೆ ಸೇರಿ, ಶನಿವಾರ ರಾತ್ರಿ ಎಲ್ಲ ಕಟ್ಟಿಕೊಂಡಿತು. ಇಲ್ಲಿ ಊರ ಒಳಚರಂಡಿ ನಮ್ಮ ಮನೆಯವರೆಗೆ ಬಂದಿಲ್ಲ, ಟ್ಯಾಂಕು ಖಾಲಿ ಮಾಡುವ ಲಾರಿ ಭಾನುವಾರ ಬರುವುದಿಲ್ಲ. ಒಂಬತ್ತು ಜನ ಸೋಮವಾರ ಮಧ್ಯಾಹ್ನದವರೆಗೆ ಪಕ್ಕದ ಅಜ್ಜಿಯ ಮನೆಗೆ ಹೋಗಿಬಂದೆವು. ತಪ್ಪು ಆ ಮಗುವಿನ ತಾಯಿಯದಲ್ಲ, ಹೇಳದೆ ಉಳಿದ ನನ್ನದು. ಅವಳು ಪಟ್ಟ ಸಂಕೋಚವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಊಟದ ವಿಷಯದಲ್ಲೂ ಸ್ಪಷ್ಟವಾಗಿರುವುದು ಒಳ್ಳೆಯದು. ಪೆರಿಗೋರ್ ಎಂಬ ಹಳೆಯ ಹೆಸರಿನ ನಮ್ಮ ಈ ಸೀಮೆಯ ಅಡುಗೆ ನಿಂತಿರುವುದೇ ಬಾತುಕೋಳಿಯ ಮೇಲೆ. ನೋಡಲು ಬರಿಯ ಆಲೂಗಡ್ಡೆ, ಬೆಳ್ಳುಳ್ಳಿಯಂತೆ ಕಾಣುವ ಸಾರ್ಲಾ ಪೇಟೆಯ ಪ್ರಸಿದ್ಧ ಪಲ್ಯವನ್ನೂ ಬಾತಿನ ಕೊಬ್ಬಿನಲ್ಲೇ ಹುರಿಯುತ್ತಾರೆ. ಸಸ್ಯಾಹಾರಿಗಳು ಅದನ್ನು ಕೇಳಿ ತಿಳಿಯದೆ ತಿನ್ನಬಾರದು. ಮಧ್ಯಾಹ್ನ ಒಂದೂವರೆ ದಾಟಿದರೆ ಹಳ್ಳಿಯ ಹೋಟೆಲಿನಲ್ಲಿ ಒಲೆ ಆರಿರುತ್ತದೆ. ಆದ್ದರಿಂದ ನಮ್ಮಲ್ಲಿ ಮನೆಯ ಊಟವೇ ಊಟ: ಶನಿವಾರದ ಸಂತೆಯಿಂದ ಎಲ್ಲರೂ ಸೇರಿ ತಂದ ತರಕಾರಿ, ಎಲ್ಲರೂ ಸೇರಿ ಮಾಡಿದ ಸಾರು. ಊರಿನಿಂದ ತುಪ್ಪ, ಪೇಡೆ ತರಬೇಡಿ. ಯುರೋಪಿನ ಹೊರಗಿನಿಂದ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಿತ್ತುಕೊಂಡರೆ ಮಾಡಿದ ಕೈಗೆ ನೋವು. ಬ್ಯಾಡಗಿ ಮೆಣಸಿನ ಪುಡಿ ತಂದರೆ ಬಹಳ ಸಂತೋಷ. ಬೇಕರಿಗೆ ಕಾಲಿಟ್ಟ ಕೂಡಲೇ ಬೇರೇನು ಹೇಳುವ ಮೊದಲು "ಬೋಂಜೂರ್" ಎನ್ನಿ. ಆ ಒಂದು ಪದವಿಲ್ಲದೆ ನೇರವಾಗಿ ಬ್ರೆಡ್ಡು ಕೇಳುವುದು ಇಲ್ಲಿಯವರ ದೃಷ್ಟಿಯಲ್ಲಿ ಮನೆಯವರನ್ನು ಮಾತನಾಡಿಸದೆ ಒಳಗೆ ನುಗ್ಗಿದ ಹಾಗೆ.

ಏನನ್ನೂ ನೋಡಬಾರದೆಂದು ನಾನು ಹೇಳುತ್ತಿಲ್ಲ. ಒಂದೇ ಒಂದು ಜಾಗಕ್ಕೆ ಎಲ್ಲರನ್ನೂ ಕರೆದೊಯ್ಯುತ್ತೇನೆ, ಅದು ಮೋಂತಿನ್ಯಾಕ್ ಊರಿನ ಲಾಸ್ಕೋ. 1940ರ ಸೆಪ್ಟೆಂಬರ್ 12ರಂದು ಊರ ಹುಡುಗರ ಕಣ್ಣಿಗೆ ಬಿದ್ದ ಈ ಗುಹೆಯಲ್ಲಿ ಸುಮಾರು ಹದಿನೇಳು ಸಾವಿರ ವರ್ಷ ಹಿಂದಿನ ಹೋರಿಗಳೂ ಕುದುರೆಗಳೂ ಬಣ್ಣದಲ್ಲಿ ಓಡುತ್ತಿವೆ. ನೋಡಲು ಬಂದವರ ಉಸಿರಿನ ತೇವ ಮತ್ತು ಇಂಗಾಲದ ಡೈಆಕ್ಸೈಡಿನಿಂದ ಚಿತ್ರಗಳು ಕೆಡಲಾರಂಭಿಸಿದ್ದರಿಂದ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಿದರು. ಈಗ ನಾವು ನೋಡುವುದು 2016ರ ಡಿಸೆಂಬರಿನಲ್ಲಿ ತೆರೆದ ಪ್ರತಿಕೃತಿಯನ್ನು. ಅದರೊಳಗಿನ ತಂಪಿನಲ್ಲಿ ನಿಂತಾಗ ಅದು ಪ್ರತಿಕೃತಿ ಎಂಬುದು ನೆನಪಿಗೇ ಬರುವುದಿಲ್ಲ. ಅರ್ಧ ದಿನ ಸಾಕು, ಸಂಜೆಗೆ ಮನೆ.

ಇನ್ನು ಕಾಗದಪತ್ರ. ಭಾರತದಿಂದ ಬಂದು ನಮ್ಮ ಮನೆಯಲ್ಲೇ ಉಳಿಯುವವರಿಗೆ ವೀಸಾ ಅರ್ಜಿಯೊಡನೆ ನಮ್ಮ ಊರಿನ ಮೇಯರ್ ಕಚೇರಿ ಕೊಡುವ ಆತಿಥ್ಯಪತ್ರದ ಮೂಲಪ್ರತಿ ಬೇಕು. ನಾನೇ ಖುದ್ದಾಗಿ ಹೋಗಿ, ಮನೆಯ ಅಳತೆ, ನಮ್ಮ ಆದಾಯ, ಬರುವವರ ಪಾಸ್‌ಪೋರ್ಟ್ ವಿವರ ಎಲ್ಲವನ್ನೂ ಕೊಟ್ಟು, 30 ಯೂರೋ ಮುದ್ರಾಂಕ ಶುಲ್ಕ ಕಟ್ಟಬೇಕು. ಅರ್ಜಿ ತಿರಸ್ಕೃತವಾದರೂ ಆ ಹಣ ಮರಳಿ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಆ ಪತ್ರಕ್ಕೆ ಸಹಿ ಹಾಕುವಾಗ ನಿಮ್ಮ ವಾಸದ ಹೊಣೆಯನ್ನು ನಾನು ಹೊತ್ತುಕೊಳ್ಳುತ್ತೇನೆ, ಸಂತೋಷದಿಂದಲೇ ಹೊತ್ತುಕೊಳ್ಳುತ್ತೇನೆ, ಆದರೆ ನಾಲ್ಕು ದಿನಕ್ಕಾಗಿ ಅಲ್ಲ. ಹತ್ತು ದಿನವಾದರೂ ಇರುವುದಾದರೆ ಬನ್ನಿ.

ಈ ವರ್ಷ ಅಕ್ಟೋಬರಿನಲ್ಲಿ ತಮ್ಮನ ಸಂಸಾರ ಬರುವುದು ಖಚಿತವಾಗಿದೆ. ಅಮ್ಮನೂ ಬರುತ್ತಾಳೆಯೇ ಎಂದು ಪಕ್ಕದ ಅಜ್ಜಿ ಎರಡು ಬಾರಿ ಕೇಳಿದ್ದಾರೆ; ಅಮ್ಮನ ಮೊಣಕಾಲು ಹೇಗಿರುತ್ತದೋ ನೋಡಬೇಕು. ಕೆಳಗಿನ ಕೋಣೆಯನ್ನು ಅವಳಿಗಾಗಿ ಬಿಟ್ಟಿದ್ದೇನೆ, ಮೇಲೆ ಇನ್ನೂ ಇಬ್ಬರಿಗೆ ಜಾಗವಿದೆ. ಗೆಳತಿ ಇದನ್ನು ಓದುತ್ತಿದ್ದರೆ ಜುಲೈ ಒಳಗೆ ತಿಳಿಸಲಿ. ನಮ್ಮೂರಿನ ಮೇಯರ್ ಕಚೇರಿಯ ಬಾಗಿಲು ವಾರಕ್ಕೆ ಎರಡು ಅರ್ಧ ದಿನ ಮಾತ್ರ ತೆರೆದಿರುತ್ತದೆ, ಆಗಸ್ಟಿನಲ್ಲಿ ಅದೂ ಇರುವುದಿಲ್ಲ.