ಮಾತ್ರೆ ಯಾವ ಕಿಣ್ವದ ಮೇಲೆ?

ಮರೆವಿನ ಕಾಯಿಲೆಯಾದ ಆಲ್ಝೈಮರ್‌ನ ಮಾತ್ರೆ ಮಿದುಳಿನಲ್ಲಿ ಕಡಿಮೆಯಾದ ಕಿಣ್ವವನ್ನು ಮತ್ತೆ ಹೆಚ್ಚಿಸುತ್ತದೆ ಎಂದು ನಿಮ್ಮ ಲೇಖನದಲ್ಲಿದೆ. ದಯವಿಟ್ಟು ತಿದ್ದಿ. ಕಡಿಮೆಯಾಗುವುದು ನೆನಪಿಗೆ ಬೇಕಾದ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ, ಕೋಲಿನ್ ಅಸಿಟೈಲ್‌ಟ್ರಾನ್ಸ್‌ಫರೇಸ್. ತೀರಿಕೊಂಡ ರೋಗಿಗಳ ಮಿದುಳಿನ ಅಂಗಾಂಶ ಪರೀಕ್ಷಿಸಿ 1976ರಲ್ಲೇ ಇದನ್ನು ತೋರಿಸಿದ್ದರು. ಈ ಕಾಯಿಲೆಯ ಡೊನೆಪೆಜಿಲ್ ಮಾತ್ರೆ ಆ ಕಿಣ್ವವನ್ನು ಹೆಚ್ಚಿಸಲು ಕೊಡುವುದಲ್ಲ. ಅದು ತಡೆಯುವುದು ಅಸಿಟೈಲ್‌ಕೋಲಿನನ್ನು ಒಡೆದುಹಾಕುವ ಇನ್ನೊಂದು ಕಿಣ್ವವನ್ನು, ಅಸಿಟೈಲ್‌ಕೋಲಿನ್‌ಎಸ್ಟರೇಸನ್ನು. ತಯಾರಾಗುವುದೇ ಕಡಿಮೆ, ಇದ್ದಷ್ಟಾದರೂ ತುಸು ಹೊತ್ತು ಉಳಿಯಲಿ ಅಂತ. ನರಕೋಶ ಸಾಯುವುದು ಅದರಿಂದ ನಿಲ್ಲುವುದಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಶಿರಸಿ ಕಡೆ ನಮ್ಮ ಮನೆಯಲ್ಲಿ ಆಯಿಗೆ ಈ ಮಾತ್ರೆ ನಡೆಯುತ್ತಿದೆ. ಊಟ ಮಾಡಿದ್ದು ನೆನಪಿರುವುದಿಲ್ಲ, ಮೆಟ್ಟುಗತ್ತಿ ಹತ್ತಿರ ಕೂತರೆ ಮಾತ್ರ ಅಡಿಕೆಯನ್ನು ಚಕಚಕನೆ ಸುಲಿಯುತ್ತಾಳೆ. ಕೈಯ ರೂಢಿ ಈ ಕಾಯಿಲೆಯಲ್ಲಿ ತಡವಾಗಿ ಹೋಗುವಂಥದ್ದು. ಬಂದ ನೆಂಟರೆಲ್ಲ 'ಮಾತ್ರೆಯಿಂದ ಗುಣ ಕಾಣಲಿಲ್ಲ, ಬಿಟ್ಟು ಒಂದೆಲಗದ ತಂಬುಳಿ ಕೊಡು' ಅನ್ನುತ್ತಾರೆ. ತಂಬುಳಿ ಉಣ್ಣಲಿ, ಬೇಡ ಅನ್ನುವವರಿಲ್ಲ. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಉಳಿದಿದ್ದ ಅಷ್ಟಿಷ್ಟು ನೆನಪೂ ಇಳಿಯಬಹುದು. ನಾಡಿ ತೀರಾ ನಿಧಾನವಾದರೆ, ತಲೆ ಸುತ್ತಿ ಬಿದ್ದರೆ ಕೂಡಲೇ ಅವರಿಗೆ ತೋರಿಸಿ.